ನಾಮದ ಋಣ

ವೇದಗಳಿಂದ ಹಿಡಿದು ಸರ್ಪವಿದ್ಯೆಯವರೆಗೆ ಸಕಲವನ್ನೂ ಓದಿಯೂ ಶೋಕವನ್ನು ದಾಟಲಾರದೆ ಬಂದ ನಾರದನಿಗೆ, ನೀನು ಕಲಿತುದೆಲ್ಲವೂ ಬರಿಯ ನಾಮವೆಂದು ಛಾಂದೋಗ್ಯದ ಸನತ್ಕುಮಾರನು ತಿಳಿಸುತ್ತಾನೆ. ಆದರೆ ಆ ನಾಮವನ್ನು ಬಿಸುಡಲು ಹೇಳದೆ, ಮೊದಲು ಅದನ್ನೇ ಉಪಾಸಿಸುವಂತೆ ವಿಧಿಸಿ, ಅನಂತರವೇ ವಾಕ್ಕು, ಮನಸ್ಸು ಮೊದಲಾದ ಮೇಲಿನ ಮೆಟ್ಟಿಲುಗಳಿಗೆ ಕರೆದೊಯ್ಯುತ್ತಾನೆ. ಈ ಪ್ರಸಂಗವು ನನಗೆ ನೆನಪಾದುದು ಯಾವ ಮಠದಲ್ಲಿಯೂ ಅಲ್ಲ, ಹಾಸನದ ಬಸ್ ನಿಲ್ದಾಣದಲ್ಲಿ. ಬೆಂಗಳೂರಿನ ಐಪಿಎಲ್ ಕ್ರಿಕೆಟ್ ತಂಡವು ಹದಿನೇಳು ವರ್ಷ ಕಾದು ಹದಿನೆಂಟನೆಯ ವರ್ಷ ಗೆದ್ದುದಕ್ಕೆ ಹೆಸರು ಬದಲಾದುದೇ ಕಾರಣವೆಂದು ಇಬ್ಬರು ತರುಣರು ವಾದಿಸುತ್ತಿದ್ದರು.

ಅವರ ವಾದವನ್ನು ನಗೆಯಾಡಿ ಕಳೆಯುವಂತಿಲ್ಲ. 2008ರಲ್ಲಿ ಹುಟ್ಟಿದ ಆ ತಂಡಕ್ಕೆ ಒಡೆಯರು ತಮ್ಮ ವಿಸ್ಕಿಯೊಂದರ ಹೆಸರನ್ನೇ ತುಸು ತಿದ್ದಿ ರಾಯಲ್ ಚಾಲೆಂಜರ್ಸ್ ಎಂದಿಟ್ಟರು. ನಗರವು 2014ರ ನವೆಂಬರ್ 1ರಂದೇ ಬೆಂಗಳೂರಾದರೂ ತಂಡವು 2024ರ ಮಾರ್ಚ್‌ವರೆಗೆ ಬ್ಯಾಂಗಲೋರ್ ಆಗಿಯೇ ಉಳಿಯಿತು. ಹೆಸರು ತಿದ್ದಿಕೊಂಡ ಮರುವರ್ಷ, ಜೂನ್ 3ರಂದು, ಅಹಮದಾಬಾದಿನಲ್ಲಿ ಪ್ರಶಸ್ತಿ ಬಂದಿತು. ಇದಕ್ಕಿಂತ ಹಳೆಯ ನಿದರ್ಶನವೂ ಉಂಟು. 1934ರಿಂದ ರಣಜಿ ಪಂದ್ಯಗಳನ್ನಾಡಿದ ಮೈಸೂರು ತಂಡವು 1941-42ರಲ್ಲಿಯೂ 1959-60ರಲ್ಲಿಯೂ ಅಂತಿಮ ಪಂದ್ಯವನ್ನು ಮುಟ್ಟಿ ಬೊಂಬಾಯಿಗೆ ಸೋತಿತು. 1973ರ ನವೆಂಬರ್ 1ರಂದು ರಾಜ್ಯವು ಕರ್ನಾಟಕವಾಯಿತು, ಅದೇ ಋತುವಿನಲ್ಲಿ ಸ್ಪಿನ್ ಬೌಲರ್ ಪ್ರಸನ್ನರ ನಾಯಕತ್ವದ ಕರ್ನಾಟಕವು ಬೊಂಬಾಯಿಯನ್ನು ಹಿಂದಿಕ್ಕಿ, ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ, ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ತಂದಿತು. ಆದರೂ ಆ ಸಲ ಗಾವಸ್ಕರರ ವಿಕೆಟ್ಟನ್ನು ಉರುಳಿಸಿದುದು ಪ್ರಸನ್ನರ ಬೆರಳೇ ಹೊರತು ಸರ್ಕಾರದ ಗೆಜೆಟ್ಟಲ್ಲ. ಆ ಬೆರಳು ಮೈಸೂರಿನ ಹೆಸರಿನಲ್ಲಿಯೂ ಇದ್ದಿತು.

ಹಾಗಾದರೆ ನಾಮವು ನಿಷ್ಫಲವೋ? ಮಡಕೆ ಕುಡಿಕೆಗಳೆಂಬುವು ಹೆಸರು ಮಾತ್ರ, ಮಣ್ಣೇ ಸತ್ಯವೆಂದು ಅದೇ ಉಪನಿಷತ್ತಿನ ಉದ್ದಾಲಕನು ಮಗನಿಗೆ ತೋರಿದ ದೃಷ್ಟಾಂತವು ವೃತ್ತಿಪರ ತಂಡದ ವಿಷಯದಲ್ಲಿ ತಲೆಕೆಳಗಾಗುತ್ತದೆ. ಆಟಗಾರರು ಹರಾಜಿನಲ್ಲಿ ಬಂದು ಹರಾಜಿನಲ್ಲಿ ಹೋಗುತ್ತಾರೆ, ಒಡೆತನ ಕೈಬದಲಾಗುತ್ತದೆ, ಅಂಗಿಯ ಬಣ್ಣವೂ ನಿಲ್ಲದು. ಇಲ್ಲಿ ಮಣ್ಣೇ ಕ್ಷಣಿಕ, ಹೆಸರೊಂದೇ ಉಳಿಯುವ ವಸ್ತು, ಜನರ ಭಕ್ತಿಗೆ ಅದೊಂದೇ ಆಸರೆ. ಇಷ್ಟು ಭಾರವನ್ನು ಹೊರಬೇಕಾದುದನ್ನು ಸೀಸೆಯ ಮೇಲಿನ ಚೀಟಿಯಿಂದ ಕಿತ್ತು ತಂದುದು ನನಗೆ ಅಪಚಾರವೆಂದೇ ತೋರುತ್ತದೆ.

ನಮ್ಮ ಸೀಮೆಯಲ್ಲಿ ಹೆಸರಿಡುವ ಕ್ರಮವೇ ಬೇರೆ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯಿಂದ ಹಾಸನ, ಹೇಮಾವತಿಯ ದಡದ ನರಸಿಂಹನಿಂದ ಹೊಳೆನರಸೀಪುರ, ಅರ್ಕೇಶ್ವರನಿಂದ ಅರಕಲಗೂಡು ಎಂಬುದು ಜನರ ನಂಬಿಕೆ. ಚನ್ನರಾಯಪಟ್ಟಣದ ಕಥೆಯಂತೂ ಇನ್ನೂ ಸೊಗಸಾದುದು. ಕೊಳತೂರೆಂಬ ಅಗ್ರಹಾರವನ್ನು ಸುಮಾರು 1600ರಲ್ಲಿ ವಶಪಡಿಸಿಕೊಂಡ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕನು ಅದನ್ನು ತನ್ನ ಮಗನಿಗಿತ್ತನು. ಆ ಮಗನಿಗಾದರೋ ಚನ್ನರಾಯಸ್ವಾಮಿಯ ಹೆಸರನ್ನಿಟ್ಟಿದ್ದರು. ದೇವರಿಂದ ಕೂಸಿಗೆ, ಕೂಸಿನಿಂದ ಊರಿಗೆ ಹೆಸರು ಇಳಿದು ಬಂದಿತು. ಕೊಟ್ಟವನು ಯಾರೆಂಬುದನ್ನು ಹೆಸರೇ ಹೇಳುತ್ತದೆ, ಹೊತ್ತವನು ಋಣಿಯಾಗಿರುತ್ತಾನೆ.

ರಾಜ್ಯದ ಊರುಗಳ ಹೆಸರಿನ ತಂಡಗಳು ಸೆಣಸುವ ಇಂದಿನ ಮಹಾರಾಜ ಟ್ರೋಫಿ ಕ್ರಿಕೆಟ್ಟಿನ ಆರು ತಂಡಗಳಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ಎಂಬುದೊಂದಿದೆ. ಊರು ಕಲಬುರಗಿಯಾದರೂ ತಂಡವು ಗುಲ್ಬರ್ಗಾ ಆಗಿಯೇ ಉಳಿಯಿತೆಂಬುದನ್ನು ಬದಿಗಿಟ್ಟರೆ, ಬಂದೇ ನವಾಜರ ಮತ್ತು ಶರಣಬಸವೇಶ್ವರರ ಊರಿಗೆ ಅನುಭಾವಿಗಳೆಂಬ ಬಿರುದು, ಇಂಗ್ಲಿಷಿನಲ್ಲಿ ಇಟ್ಟರೂ, ಒಪ್ಪುತ್ತದೆ. ಆ ಆರರಲ್ಲಿ ಹಾಸನವಿಲ್ಲ. ನಮ್ಮ ಜಿಲ್ಲೆಯ ಗ್ರಾಮನಾಮವೊಂದು ಟೆಸ್ಟ್ ಮೈದಾನವನ್ನು ಕಂಡುದು 1991ರಲ್ಲಿ, ಬ್ರಿಸ್ಬೇನಿನಲ್ಲಿ, ಜಾವಗಲ್ ಶ್ರೀನಾಥರು ತಮ್ಮ ಹೆಸರಿನ ಮುಂದೆ ಊರನ್ನು ಹೊತ್ತು ಚೆಂಡೆಸೆಯಲು ಓಡಿಬಂದಾಗ. ಅದನ್ನು ಯಾವ ಕಂಪನಿಯೂ ಇಟ್ಟಿರಲಿಲ್ಲ. ಮುಂದೆ ಯಾವ ಧನಿಕರಾದರೂ ಹಾಸನಕ್ಕೊಂದು ತಂಡವನ್ನು ಕಟ್ಟುವುದಾದರೆ, ಹೆಸರಿಡುವ ಮುನ್ನ ಚನ್ನರಾಯಪಟ್ಟಣದ ಬಸ್ಸು ಹತ್ತಿ ಒಮ್ಮೆ ಹೋಗಿಬರಲಿ. ಒಂದು ಗಂಟೆಯ ದಾರಿಯೂ ಅಲ್ಲ.