ನಾದ ಹೆಚ್ಚಿದರೆ ಶಬ್ದ ಹೆಚ್ಚುವುದೇ?

ಅಂಬರನಾಥ, ಕಲ್ಯಾಣ, ಡೊಂಬಿವಲಿಗಳ ಕನ್ನಡ ಕುಟುಂಬಗಳಿಗೆ ಊರೆಂದರೆ ಇಡೀ ದಿನದ ದಾರಿ. ಪುಣೆ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಯತ್ತಲೋ, ಕೊಂಕಣದ ಘಟ್ಟ ಹತ್ತಿಳಿದು ಉಡುಪಿಯತ್ತಲೋ ಎರ್ಟಿಗಾದಂಥ ಏಳು ಸೀಟಿನ ಗಾಡಿ ಹೊರಟರೆ ಮೊದಲು ಹಚ್ಚುವುದು ದೇವರ ಹಾಡು. ಭೀಮಸೇನ ಜೋಶಿಯವರು ಮರಾಠಿ ಅಭಂಗಗಳನ್ನೂ ಕನ್ನಡದ ದಾಸರ ಪದಗಳನ್ನೂ ಒಂದೇ ಕಂಠದಲ್ಲಿ ಹಾಡಿಟ್ಟಿರುವುದರಿಂದ ಈ ಭಾಗದ ಮನೆಗಳಿಗೆ ಅವರ ದನಿ ಎರಡು ಕಡೆಯಿಂದಲೂ ಹತ್ತಿರ. ಅಂಥ ಗಾಡಿಯ ಸ್ಪೀಕರ್ ಹರಿದು ಕರಕರ ಎನ್ನತೊಡಗಿದರೆ ಹೊಸದನ್ನು ಆರಿಸುವುದು ಅಂಗಡಿಯವನಿಗೆ ಬಿಟ್ಟ ಕೆಲಸವೆಂದು ಅನೇಕರು ತಿಳಿಯುತ್ತಾರೆ. ನಾನು ಅದನ್ನು ಶ್ರವಣದ ಪ್ರಶ್ನೆ ಎನ್ನುತ್ತೇನೆ. ಭಾಗವತದಲ್ಲಿ ಪ್ರಹ್ಲಾದ ಎಣಿಸುವ ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣ ಮೊದಲನೆಯದು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಹೇಳುವಾಗಲೂ ಮನನ, ನಿದಿಧ್ಯಾಸನಗಳಿಗೆ ಮುಂಚೆ ಶ್ರವಣವೇ ಬರುತ್ತದೆ. ಕಿವಿಗೆ ಬಿದ್ದದ್ದು ಮಾತಾಗಿ ತಿಳಿಯದಿದ್ದರೆ ಮನನಕ್ಕೆ ಸಿಗುವುದಾದರೂ ಏನು?

ಇಲ್ಲಿ ದಾರಿ ತೋರುವುದು ಮೀಮಾಂಸಕರಿಗೂ ನೈಯಾಯಿಕರಿಗೂ ಇರುವ ಹಳೆಯ ವಾದ. ಶಬ್ದ ಹುಟ್ಟಿ ಅಳಿಯುತ್ತದೆ ಎಂದು ನೈಯಾಯಿಕರು ಹೇಳಿದರೆ, ಅದು ನಿತ್ಯ, ಉಚ್ಚಾರಣೆ ಅದನ್ನು ಪ್ರಕಟಿಸುತ್ತದೆ ಅಷ್ಟೇ ಎಂದು ಮೀಮಾಂಸಕರು ಹೇಳುತ್ತಾರೆ. ಮೀಮಾಂಸೆಯ ಮೂಲವಾದ ಜೈಮಿನಿ ಸೂತ್ರಗಳ ಮೊದಲ ಪಾದದಲ್ಲಿಯೇ ಒಂದು ಪೂರ್ವಪಕ್ಷ, ಅಂದರೆ ಎದುರಾಳಿಯ ಆಕ್ಷೇಪವಿದೆ: ಬಹಳ ಜನ ಸೇರಿ ನುಡಿದರೆ ಶಬ್ದ ದೊಡ್ಡದಾಗುತ್ತದಲ್ಲ, ನಿತ್ಯವಾದದ್ದು ಬೆಳೆಯುವುದು ಹೇಗೆ? ಹಾಗೆ ಬೆಳೆದದ್ದು ನಾದ, ಶಬ್ದವಲ್ಲ ಎಂಬುದು ಜೈಮಿನಿಯ ಉತ್ತರ. ಶಬ್ದನಿತ್ಯತ್ವವನ್ನು ಒಪ್ಪದವರೂ ಈ ವಿಂಗಡಣೆಯನ್ನು ಒಪ್ಪಬಹುದು. 1060ರ ಶಾಸನವಿರುವ ಅಂಬರನಾಥದ ಶಿವಾಲಯದಲ್ಲಿ ಮೆಟ್ಟಿಲಿಳಿದು ಗರ್ಭಗುಡಿಗೆ ಹೋಗಬೇಕು. ಅಲ್ಲಿ ಹಚ್ಚಿದ ದೀಪ ಲಿಂಗವನ್ನು ತೋರಿಸುತ್ತದೆ, ಮಾಡುವುದಿಲ್ಲ. ಸ್ಪೀಕರ್ ಕೂಡ ಅಂಥ ವ್ಯಂಜಕ, ಅಂದರೆ ಇರುವುದನ್ನು ಪ್ರಕಟಿಸುವ ಸಾಧನ. ನೈಯಾಯಿಕರ ದಾರಿ ಹಿಡಿದರೂ ಬಂದು ನಿಲ್ಲುವುದು ಇಲ್ಲಿಗೇ. ತೆರೆಯಿಂದ ತೆರೆ ಹುಟ್ಟುವ ಹಾಗೆ ಶಬ್ದದಿಂದ ಶಬ್ದ ಹುಟ್ಟುತ್ತದೆ, ಕಿವಿ ಹಿಡಿಯುವುದು ತನ್ನಲ್ಲಿಗೆ ಬಂದ ಕೊನೆಯ ತೆರೆಯನ್ನು ಎಂದು ಅವರ ಮತ. ಎಂದ ಮೇಲೆ ಸ್ಪೀಕರನ್ನು ಅಳೆಯಬೇಕಾದ ಜಾಗ ಕೇಳುವವರ ಕಿವಿ, ಅದರಲ್ಲಿಯೂ ಎಲ್ಲರಿಗಿಂತ ಹಿಂದೆ ಕೂತವರ ಕಿವಿ.

ಅಂಗಡಿಯಲ್ಲಿ ನಡೆಯುವುದು ನಾದದ ಲೆಕ್ಕ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವಾಟ್ ಸಾಮಾನ್ಯವಾಗಿ ಪೀಕ್, ಅಂದರೆ ಸ್ಪೀಕರ್ ಕ್ಷಣಮಾತ್ರ ತಾಳಬಲ್ಲ ಶಕ್ತಿ. ಸತತವಾಗಿ ತಾಳುವ ಆರ್‌ಎಂಎಸ್ ಅದಕ್ಕಿಂತ ಬಹಳ ಕಡಿಮೆ. ಗಾಡಿಯ ಸ್ಟೀರಿಯೊ ಒಂದೊಂದು ಚಾನೆಲ್ಲಿಗೆ ಕೊಡುವುದೇ ಸುಮಾರು 15ರಿಂದ 20 ವಾಟ್. ವಾಟ್ ಇಮ್ಮಡಿಯಾದರೂ ಸಿಗುವುದು 3 ಡೆಸಿಬೆಲ್. ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಾಟಿಗೆ ಕೊಡುವ ಸದ್ದು, ಅಷ್ಟು ಹೆಚ್ಚಿರುವ ಸ್ಪೀಕರ್ ಅದನ್ನು ಬೇರೆ ಆಂಪ್ಲಿಫೈಯರ್ ಇಲ್ಲದೆಯೇ ಕೊಡುತ್ತದೆ. ಶಬ್ದದ ಲೆಕ್ಕ ಬೇರೆ. ಸ್ವರಗಳ ಬಲ ಬಹುಪಾಲು 1000 ಹರ್ಟ್ಸಿನ ಕೆಳಗಿದ್ದರೆ, ಸ, ಶಗಳಂಥ ವ್ಯಂಜನಗಳನ್ನು ಬೇರೆಬೇರೆಯಾಗಿ ಗುರುತಿಸುವುದು 2000ದಿಂದ ಮೇಲಕ್ಕೆ. ಟೈರಿನ ಮೊರೆತ ಕೆಳಗಿನ ಶ್ರುತಿಯದು. ಅದರ ಮೇಲೆ ಬಾಸ್ ಏರಿಸಿದರೆ ಸೂಕ್ಷ್ಮವಾದ ವ್ಯಂಜನಗಳು ಮುಚ್ಚಿಹೋಗುತ್ತವೆ. ಇಂಥ ಅನೇಕ ಗಾಡಿಗಳಲ್ಲಿ ಸ್ಪೀಕರ್ ಇರುವುದು ನಾಲ್ಕು ಬಾಗಿಲುಗಳಲ್ಲಿ, ಮೊಣಕಾಲಿನ ಮಟ್ಟದಲ್ಲಿ. ಮೇಲಿನ ಶ್ರುತಿ ಸೀಟುಗಳ ಮೆತ್ತೆಯಲ್ಲಿ ಇಂಗಿ, ಮೂರನೆಯ ಸಾಲಿಗೆ ಗುಂಯ್‌ಗುಡುವಿಕೆಯಷ್ಟೇ ತಲುಪುತ್ತದೆ. ದಾಸರ ಪದದ ಕೊನೆಯ ನುಡಿಯಲ್ಲಿ ಬರುವ ಅಂಕಿತ ಕೇಳದಿದ್ದರೆ ರಚಿಸಿದವರು ಪುರಂದರರೋ ಕನಕರೋ ತಿಳಿಯುವುದಿಲ್ಲ.

ಭಕ್ತಿಗೆ ಉಪಕರಣದ ಹಂಗೇಕೆ ಎಂದು ಕೇಳಬಹುದು. ನಾಮ ಒಳಗೆ ನೆಲೆಗೊಂಡವರಿಗೆ ಹಂಗಿಲ್ಲ, ನಿಜ. ಆದರೆ ಆ ಮೂರನೆಯ ಸಾಲಿನಲ್ಲಿ ಸಾಮಾನ್ಯವಾಗಿ ಕೂರುವವರು ಮಕ್ಕಳು. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದುವ ಆ ಮಕ್ಕಳಿಗೆ ಕನ್ನಡದ ಪದಗಳು ಇಷ್ಟು ಹೊತ್ತು ಸತತವಾಗಿ ಕಿವಿಗೆ ಬೀಳುವುದು ಇಂಥ ಪ್ರಯಾಣದಲ್ಲಿಯೇ. ಅವರು ಇನ್ನೂ ಶ್ರವಣದ ಮೆಟ್ಟಿಲಲ್ಲಿದ್ದಾರೆ; ಅವರಿಗೆ ಮಾತು ಮುಟ್ಟಿಸದೆ ಮುಂದಿನ ಮೆಟ್ಟಿಲ ಮಾತಾಡುವುದು ಅನ್ಯಾಯ. ನಾದವೇ ಬ್ರಹ್ಮವಲ್ಲವೇ, ಅದನ್ನು ಕೀಳುಗಳೆಯುವುದೇಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ನಾದವನ್ನು ಬ್ರಹ್ಮವೆಂದೇ ಕಂಡವನು. ಆ ಮಾತನ್ನು ನಾನೂ ಒಪ್ಪುತ್ತೇನೆ. ತಂಬೂರಿಯ ಎಳೆಯನ್ನು ನುಂಗುವ ಸ್ಪೀಕರ್ ನನಗೂ ಬೇಡ. ಆದರೆ ಬಾಸ್ ಏರಿಸಿದಾಗ ಬಾಗಿಲ ತಗಡು ಅದುರುವ ಸದ್ದಿಗೂ ಮೃದಂಗದ ಎಡದ ನಾದಕ್ಕೂ ಸಂಬಂಧವಿಲ್ಲ. ಆ ಅದುರನ್ನು ನಿಲ್ಲಿಸಲು ಬಾಗಿಲೊಳಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ದೊಡ್ಡ ಸಬ್‌ವೂಫರಿಗಿಂತ ಹೆಚ್ಚಿನ ನಾದಸೇವೆಯಾದೀತು.

ಹೊಸ ಸ್ಪೀಕರ್ ಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟು. ಅಂಗಡಿಯವರು ಹಾಕುವ ಹಾಡಿಗೆ ಮರುಳಾಗಬೇಡಿ. ನಿಮ್ಮ ಮನೆಯವರು ಕೇಳುವ ಒಂದು ಪದವನ್ನು ಹಾಕಿಸಿ, ಇಂಜಿನ್ ಚಾಲೂ ಇರಲಿ, ಮೂರನೆಯ ಸಾಲಿನಲ್ಲಿ ಮಗುವನ್ನು ಕೂರಿಸಿ. ಹಾಡು ಮುಗಿದ ಮೇಲೆ ಅಂಕಿತ ಯಾವುದೆಂದು ಮಗುವನ್ನೇ ಕೇಳಿ.