ಕವಲು ನಾಲಗೆಯ ಅರಿವು

ಹಾವಿಗೆ ಲೋಕ ತಿಳಿಯುವುದರಲ್ಲಿ ವಾಸನೆಯದು ದೊಡ್ಡ ಪಾಲು. ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಕಪಿಲೆಯ ದಂಡೆಯ ಗದ್ದೆಗಳಲ್ಲಿ ನಾಗರ, ಕೇರೆ, ಕೊಳಕುಮಂಡಲ ಮೂರೂ ಇಲಿಯ ಸುಳಿವು ಹಿಡಿಯುವುದು ಈ ಬಲದಿಂದ. ಅಲ್ಲಿನ ಭತ್ತದ ರೈತನಿಗೂ ಪ್ರಾಣಿಶಾಸ್ತ್ರದ ಮೇಷ್ಟ್ರಿಗೂ ನಡೆದ ಮಾತು ಹೀಗಿದೆ.

ರೈತ: ಹಾವು ಗಳಿಗೆಗೊಂದು ಸಲ ನಾಲಗೆ ಚಾಚುತ್ತದಲ್ಲ ಮೇಷ್ಟ್ರೇ, ಅದು ರುಚಿ ನೋಡೋದಾ, ಮೂಸೋದಾ?

ಮೇಷ್ಟ್ರು: ಮೂಸೋದು, ಯಜಮಾನ್ರೇ. ಆ ನಾಲಗೆಯಲ್ಲಿ ರುಚಿಮೊಗ್ಗುಗಳೇ ಇಲ್ಲ. ಗಾಳಿಯಲ್ಲಿ ತೇಲಿಬರುವ ವಾಸನೆಗೆ ಮೂಗು ಇದ್ದೇ ಇದೆ. ನೆಲಕ್ಕೆ ಅಂಟಿದ, ಸುಲಭವಾಗಿ ಹಾರದ ಕಣಗಳನ್ನು ನಾಲಗೆ ಬಳಿದು ತರುತ್ತದೆ. ಅಂಗುಳಿನಲ್ಲಿ ಒಂದು ಜೋಡಿ ಗುಳಿಗಳಿವೆ. 19ನೆಯ ಶತಮಾನದ ಆರಂಭದಲ್ಲಿ ಈ ಅಂಗವನ್ನು ವಿವರಿಸಿದ ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ ಅವರ ಹೆಸರೇ ಅದಕ್ಕಿದೆ. ಕಣಗಳು ಅಲ್ಲಿಗೆ ಸೇರಿದ ಮೇಲೆ ಮಿದುಳಿಗೆ ಸುದ್ದಿ ಮುಟ್ಟುತ್ತದೆ.

ರೈತ: ಹಾಗಾದರೆ ತುದಿ ಸೀಳಿರೋದು ಯಾಕೆ?

ಮೇಷ್ಟ್ರು: ದಿಕ್ಕು ತಿಳಿಯಲು. ಅಮೆರಿಕದ ವಿಜ್ಞಾನಿ ಕರ್ಟ್ ಶ್ವೆಂಕ್ 1994ರಲ್ಲಿ ಇದನ್ನು ವಾದಿಸಿ ತೋರಿಸಿದರು. ಚಾಚಿದಾಗ ಎರಡು ಕವಲೂ ಅಗಲಗೊಂಡು ಬೇರೆ ಬೇರೆ ಜಾಗ ಮುಟ್ಟುತ್ತವೆ. ಎಡಗವಲಿಗೆ ಹೆಚ್ಚು ಕಣ ಸಿಕ್ಕರೆ ಜಾಡು ಎಡಕ್ಕಿದೆ. ಎರಡು ಕಿವಿಯಿಂದ ಸದ್ದಿನ ದಿಕ್ಕು ನಮಗೆ ಗೊತ್ತಾಗುವಂತೆಯೇ.

ರೈತ: ದಾರಿ ತೋರಿಸೋದು ವಾಸನೆಯ ಹೆಚ್ಚುಕಡಿಮೆ ಅಂದಂಗಾಯ್ತು. ಇದನ್ನು ತಿಳಿವಳಿಕೆ ಅನ್ನಬಹುದಾ? ಈಗತಾನೆ ಹುಟ್ಟಿದ ಮರಿಗೆ ತನ್ನ ಊಟ ಯಾವುದು ಅಂತ ಹೇಳಿಕೊಟ್ಟವರು ಯಾರು?

ಮೇಷ್ಟ್ರು: ಯಾರೂ ಇಲ್ಲ. 1960ರ ದಶಕದಲ್ಲಿ ಗಾರ್ಡನ್ ಬರ್ಗಾರ್ಟ್ ಎಂಬ ವಿಜ್ಞಾನಿ, ಒಮ್ಮೆಯೂ ಏನನ್ನೂ ತಿನ್ನದ ಮರಿಗಳ ಮುಂದೆ ಎರೆಹುಳು, ಮೀನು ಮುಂತಾದವುಗಳ ವಾಸನೆ ಹತ್ತಿಸಿದ ಹತ್ತಿ ಹಿಡಿದರು. ತಮ್ಮ ಜಾತಿಯ ಆಹಾರದ ವಾಸನೆ ಬಂದರೆ ಮರಿಗಳು ಹತ್ತಿಗೇ ಬಾಯಿ ಹಾಕಿದವು. ಅನುಭವಕ್ಕೂ ಮೊದಲೇ ಮೈಗೂಡಿ ಬಂದ ಅರಿವು ಅದು. ಆಮೇಲಿನ ಊಟ ಅದನ್ನು ಅಷ್ಟಿಷ್ಟು ತಿದ್ದುತ್ತದೆ.

ರೈತ: ಅರಿವಿದ್ದ ಮೇಲೆ ಹಗೆಯೂ ಇರಬೇಕು. ನಾಗರ ಹನ್ನೆರಡು ವರ್ಷ ದ್ವೇಷ ಸಾಧಿಸುತ್ತದೆ ಅಂತಾರೆ.

ಮೇಷ್ಟ್ರು: ಅದಕ್ಕೆ ಮೊದಲು ಮಂಡಲದ ಬೇಟೆ ನೋಡಿ. ಇಲಿಯನ್ನು ಕಚ್ಚಿ ಬಿಟ್ಟುಬಿಡುತ್ತದೆ, ಇಲಿ ಓಡಿ ಎಲ್ಲೋ ಸಾಯುತ್ತದೆ, ಹಾವು ನಾಲಗೆ ಆಡಿಸುತ್ತ ಜಾಡು ಹಿಡಿದು ಹೋಗುತ್ತದೆ. ಮಂಡಲದ ಬಳಗದ್ದೇ ಆದ ಅಮೆರಿಕದ ರ್‍ಯಾಟಲ್ ಹಾವಿಗೆ ತಾನು ಕಚ್ಚಿದ ಇಲಿ ಯಾವುದು, ಕಚ್ಚದ್ದು ಯಾವುದು ಎಂಬುದೂ ವಾಸನೆಯಲ್ಲೇ ತಿಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ರೈತ: ಇದೇ ಇಲಿ ಅಂತ ಗುರುತಿಸೋ ಹಾವು ಇದೇ ಮನುಷ್ಯ ಅಂತ ಯಾಕೆ ಗುರುತಿಸಬಾರದು?

ಮೇಷ್ಟ್ರು: ಒಳ್ಳೆಯ ಪ್ರಶ್ನೆ. ಇಲಿಯಲ್ಲಿ ಹಾವು ಗುರುತಿಸುವುದು ತನ್ನ ವಿಷ ಸೇರಿ ಬದಲಾದ ವಾಸನೆಯನ್ನು. ಆ ಹುಡುಕಾಟ ಊಟ ಸಿಗುವವರೆಗೆ ಮಾತ್ರ. ಹಗೆಗೆ ಬೇರೆಯದೇ ಬೇಕು: ತನಗೆ ಅನ್ಯಾಯವಾಯಿತೆಂಬ ಎಣಿಕೆ, ಅದನ್ನು ವರ್ಷಗಟ್ಟಲೆ ಕಾಯ್ದಿಡುವ ಮನಸ್ಸು. ವಾಸನೆ ಎಷ್ಟು ಚುರುಕಾದರೂ ಆ ಎಣಿಕೆ ಅದರಿಂದ ಹುಟ್ಟುವುದಿಲ್ಲ. ಹಗೆ ಮನುಷ್ಯನದು, ಅದನ್ನು ಹಾವಿನ ಮೇಲೆ ಹೊರಿಸಿ ಹಾವನ್ನು ಕೊಲ್ಲುವುದು ಅನ್ಯಾಯ.

ರೈತ: ಒಂದನ್ನು ಕೊಂದ ಜಾಗಕ್ಕೆ ಇನ್ನೊಂದು ಬಂದದ್ದನ್ನು ಕಂಡವರಿದ್ದಾರೆ.

ಮೇಷ್ಟ್ರು: ಇಲಿಯ ಬಿಲ ಅಲ್ಲೇ ಇದೆಯಲ್ಲ, ಬರುತ್ತದೆ. ಕೂಡುವ ಕಾಲದಲ್ಲಿ ಹೆಣ್ಣಿನ ಮೈವಾಸನೆಯ ಜಾಡು ಹಿಡಿದು ಗಂಡೂ ಬರುತ್ತದೆ. ಕೆನಡಾದ ಮ್ಯಾನಿಟೋಬಾದ ಗಾರ್ಟರ್ ಹಾವುಗಳಲ್ಲಿ ಈ ವಾಸನೆಯ ರಾಸಾಯನಿಕಗಳು ಯಾವುವೆಂದು 1989ರಲ್ಲಿ ಗೊತ್ತಾಯಿತು.

ರೈತ: ಅಷ್ಟು ಚುರುಕಾಗಿದ್ದರೆ ಬೆಳ್ಳುಳ್ಳಿ, ನುಸಿಗುಳಿಗೆ ವಾಸನೆಗೆ ಓಡಿಹೋಗಬೇಕಿತ್ತು.

ಮೇಷ್ಟ್ರು: ವಾಸನೆ ತಿಳಿಯುವುದೇ ಬೇರೆ, ಅದಕ್ಕೆ ಹೆದರುವುದೇ ಬೇರೆ. ನುಸಿಗುಳಿಗೆಯ ನ್ಯಾಫ್ತಲೀನ್ ಮತ್ತು ಗಂಧಕ ಬೆರೆಸಿದ ಪುಡಿಯನ್ನು ಪರೀಕ್ಷೆಗಳಲ್ಲಿ ಹಾವುಗಳು ದಾಟಿ ಹೋಗಿವೆ. ಅವನ್ನು ಮನೆಗೆ ಕರೆಯುವುದು ಇಲಿಯ ವಾಸನೆ. ಭತ್ತದ ಮೂಟೆ, ಹುಲ್ಲಿನ ಮೆದೆ ಗೋಡೆಗೆ ಒತ್ತಿ ಇಡಬೇಡಿ, ಬಿಲ ಮುಚ್ಚಿಸಿ. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವಾಗ ಕೈಯಲ್ಲಿ ಟಾರ್ಚು, ಕಾಲಿಗೆ ಬೂಟು ಇರಲಿ. ಕಚ್ಚಿತೋ, ಮಂತ್ರ ಹಾಕಿಸುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಿ.