ಯಾರ ತಪ್ಪಿಗೆ ಕತೆ, ಯಾರ ತಪ್ಪಿಗೆ ಲಾಠಿ?

ಕೊಂದವನ ಮೇಲೆ ನಮಗೆ ಯಾಕೆ ಕನಿಕರ ಹುಟ್ಟುತ್ತದೆ? ಸತ್ತವನ ಹೆಸರು ಯಾಕೆ ನೆನಪಿರುವುದಿಲ್ಲ? ಇವತ್ತಿನ ಟೀವಿಯ ಅಪರಾಧ ಧಾರಾವಾಹಿಗಳ ಬಗ್ಗೆ ಮಾತಾಡುವಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆಗಳು ಇವು. ಈ ಧಾರಾವಾಹಿಗಳು ಈಗ ಹಾಸ್ಟೆಲು ಹುಡುಗರ ಮೊಬೈಲಿನೊಳಗೆ ಬಂದು ಕೂತಿವೆ. ಅಮೆರಿಕದ ಮಾಫಿಯಾದವನು, ದೆಹಲಿಯ ಪೋಲೀಸಿನವನು ಎಲ್ಲರೂ ನಮ್ಮ ಹುಡುಗರಿಗೆ ನೆಂಟರಾಗಿದ್ದಾರೆ. ಬರೀ ಮನರಂಜನೆ, ಬಿಡಿ, ಅಂತ ಇದನ್ನು ತಳ್ಳಿಹಾಕುವಂತಿಲ್ಲ. ಹಂಗಂತ ‘ಹುಡುಗರು ಕೆಟ್ಟುಹೋದರು’ ಎಂದು ಬಾಯಿಬಡಿದುಕೊಳ್ಳುವವರ ನೀತಿಬೋಧೆಯೂ ನಮಗೆ ಬೇಡ. ಆ ಬೋಧೆ ಯಾರನ್ನು ಎಷ್ಟು ಕಾಲ ಬಾಯಿ ಮುಚ್ಚಿಸಿ ಕೂರಿಸಿತ್ತು ಎಂಬುದು ನಮಗೆ ಗೊತ್ತಿದೆ.

ಹಳೆಯ ಪತ್ತೇದಾರಿ ಕತೆಯ ಲೆಕ್ಕ ಸರಳ. ಕಳ್ಳ ಕೆಟ್ಟವನು, ಪೋಲೀಸು ಒಳ್ಳೆಯವನು, ಕೊನೆಗೆ ಕೈಕೋಳ. ಈ ಲೆಕ್ಕ ಸುಳ್ಳೆಂದು ಠಾಣೆಯ ಮೆಟ್ಟಿಲು ಹತ್ತಿ ಬಂದ ಕೂಲಿಯವನಿಗೆ ಯಾವತ್ತೋ ಗೊತ್ತಿತ್ತು. ಅಮೆರಿಕದ ಟೀವಿ ಇದನ್ನು ಜೋರಾಗಿ ಹೇಳತೊಡಗಿದ್ದು 1999ರಲ್ಲಿ, ಎಚ್‌ಬಿಒ ಚಾನೆಲ್ಲಿನ ‘ದಿ ಸೊಪ್ರಾನೋಸ್’ ಬಂದಮೇಲೆ. ನ್ಯೂಜೆರ್ಸಿಯ ಮಾಫಿಯಾ ನಾಯಕ ಟೋನಿ ಸೊಪ್ರಾನೊ ಮಗಳಿಗೆ ಕಾಲೇಜು ತೋರಿಸಲು ಊರೂರು ಕರೆದುಕೊಂಡು ಹೋಗುತ್ತಾನೆ. ಅದೇ ದಾರಿಯಲ್ಲಿ, ಹಿಂದೆ ಪೋಲೀಸರಿಗೆ ಸುಳಿವು ಕೊಟ್ಟವನೊಬ್ಬನ ಕತ್ತು ಬಿಗಿದು ಕೊಲ್ಲುತ್ತಾನೆ. ಮನಸ್ಸು ಕಳವಳಗೊಂಡರೆ ಮನೋವೈದ್ಯೆಯ ಮುಂದೆ ಕೂತು ಅಳುತ್ತಾನೆ. 2002ರ ‘ದಿ ಶೀಲ್ಡ್’ನಲ್ಲಿ ಪೋಲೀಸ್ ತಂಡದ ನಾಯಕನೇ ಮೊದಲ ಕಂತಿನಲ್ಲಿ ಸಹೋದ್ಯೋಗಿಗೆ ಗುಂಡು ಹೊಡೆಯುತ್ತಾನೆ. 2008ರಲ್ಲಿ ‘ಬ್ರೇಕಿಂಗ್ ಬ್ಯಾಡ್’ ಬಂತು. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಯಾಕಂದರೆ ಇದು ಒಬ್ಬ ಮೇಷ್ಟರ ಕತೆ.

ವಾಲ್ಟರ್ ವೈಟ್ ನ್ಯೂಮೆಕ್ಸಿಕೊದ ಆಲ್ಬುಕರ್ಕಿ ಊರಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಸಂಬಳ ಸಾಲದು. ಶಾಲೆ ಬಿಟ್ಟಮೇಲೆ ಕಾರು ತೊಳೆಯುವ ಕೆಲಸ. ತನ್ನ ವಿದ್ಯಾರ್ಥಿಯದೇ ಕಾರಿನ ಚಕ್ರವನ್ನು ಮಂಡಿಯೂರಿ ಉಜ್ಜುತ್ತಾನೆ. ಶ್ವಾಸಕೋಶದ ಕ್ಯಾನ್ಸರು ಬರುತ್ತದೆ. ಹೆಂಡತಿ ಬಸುರಿ, ಮಗ ಅಂಗವಿಕಲ. ತಾನು ಸತ್ತಮೇಲೆ ಸಂಸಾರಕ್ಕೆ ದುಡ್ಡು ಬೇಕೆಂದು ಹಳೆಯ ವಿದ್ಯಾರ್ಥಿಯೊಬ್ಬನ ಜೊತೆ ಸೇರಿ ಮೆಥ್ ಎಂಬ ಮಾದಕ ವಸ್ತು ತಯಾರಿಸಲು ಇಳಿಯುತ್ತಾನೆ. ಇಲ್ಲಿಯತನಕ ನಮ್ಮ ಮನಸ್ಸು ಅವನ ಕಡೆಗೇ. ಕಾಯಿಲೆ ಬಿದ್ದ ಮೇಷ್ಟರಿಗೆ ಔಷಧಿ ಸಿಗದ ಅಷ್ಟು ದೊಡ್ಡ ಸಿರಿವಂತ ದೇಶಕ್ಕೆ ಧಿಕ್ಕಾರ ಅನ್ನಿಸುತ್ತದೆ. ಅನ್ನಿಸಬೇಕಾದ್ದೇ.

ಆದರೆ ಕತೆ ಬರೆದವರು ಬಹಳ ಬೇಗ ಒಂದು ಪರೀಕ್ಷೆ ಒಡ್ಡುತ್ತಾರೆ. ಸಿರಿವಂತನಾದ ಹಳೆಯ ಗೆಳೆಯನೊಬ್ಬ ಚಿಕಿತ್ಸೆಯ ಖರ್ಚೆಲ್ಲ ತಾನು ಕೊಡುತ್ತೇನೆ ಅನ್ನುತ್ತಾನೆ. ವಾಲ್ಟರ್ ಬೇಡ ಅನ್ನುತ್ತಾನೆ. ಅಲ್ಲಿಗೆ ಕಾರಣ ಹೋಯಿತು, ಕೃತ್ಯ ಉಳಿಯಿತು. ಆಮೇಲೆ ಕಾಣುವುದು ಹಮ್ಮು ಮಾತ್ರ. ವಾಂತಿ ಗಂಟಲಿಗೆ ಸಿಕ್ಕು ಸಾಯುತ್ತಿರುವ ಹುಡುಗಿಯನ್ನು ಕೈ ಚಾಚಿದರೆ ಉಳಿಸಬಹುದು. ಅವನು ನಿಂತು ನೋಡುತ್ತಾನೆ. 2013ರಲ್ಲಿ ಬಂದ ಕೊನೆಯ ಕಂತಿನಲ್ಲಿ ಇದನ್ನೆಲ್ಲ ಸಂಸಾರಕ್ಕಾಗಿ ಮಾಡಲಿಲ್ಲ, ನನಗಾಗಿ ಮಾಡಿದೆ, ನನಗೆ ಹಿಡಿಸಿತ್ತು ಎಂಬುದನ್ನು ಹೆಂಡತಿಯ ಮುಂದೆ ತಾನೇ ಒಪ್ಪಿಕೊಳ್ಳುತ್ತಾನೆ. ಬರೆದವರು ನೆಪವನ್ನು ಕಳಚಿ ತೋರಿಸಿದರು, ಸರಿ. ನೋಡಿದವರು ಏನು ಮಾಡಿದರು? ಗಂಡನನ್ನು ತಡೆದ ಹೆಂಡತಿ ಸ್ಕೈಲರ್‌ಳನ್ನು ದ್ವೇಷಿಸಿದರು. ಆ ದ್ವೇಷ ಪಾತ್ರ ವಹಿಸಿದ ನಟಿ ಆನಾ ಗನ್‌ವರೆಗೂ ಹೋಯಿತು. ಆಕೆ 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಇದನ್ನು ಬರೆದು ಹೇಳಬೇಕಾಯಿತು.

ಹೀಗೆ ಯಾಕಾಗುತ್ತದೆ? ಒಟ್ಟು 62 ಕಂತು ನಾವು ವಾಲ್ಟರನ ಮನೆಯಲ್ಲಿ ಕೂತಿರುತ್ತೇವೆ. ಅವನ ಕೆಮ್ಮು, ಅವನ ಅಂಜಿಕೆ, ಅವನ ಮಗುವಿನ ತೊಟ್ಟಿಲು ಎಲ್ಲ ನಮಗೆ ಗೊತ್ತು. ಅದೇ ಕತೆಯಲ್ಲಿ ಡ್ರೂ ಶಾರ್ಪ್ ಎಂಬ ಹುಡುಗನಿದ್ದಾನೆ. ಮರುಭೂಮಿಯಲ್ಲಿ ಬೈಕು ಓಡಿಸಿಕೊಂಡು ಬಂದು ಒಂದು ದೊಡ್ಡ ಜೇಡನನ್ನು ಗಾಜಿನ ಸೀಸೆಗೆ ಹಾಕಿಕೊಳ್ಳುತ್ತಾನೆ. ವಾಲ್ಟರನ ತಂಡ ರೈಲಿನಿಂದ ರಾಸಾಯನಿಕ ಕದಿಯುವುದು ಅವನ ಕಣ್ಣಿಗೆ ಬೀಳುತ್ತದೆ. ಅವನು ಕೈ ಬೀಸುತ್ತಾನೆ. ತಂಡದವನೊಬ್ಬ ಗುಂಡು ಹೊಡೆಯುತ್ತಾನೆ. ಹೆಣ ಆಸಿಡ್ಡಿನ ಪೀಪಾಯಿಗೆ ಹೋಗುತ್ತದೆ. ಆ ಹುಡುಗನಿಗೆ ಸಿಕ್ಕಿದ್ದು ಕೆಲವು ನಿಮಿಷ. ಗೆಳೆಯರೆ, ಕನಿಕರ ಆಕಾಶದಿಂದ ಉದುರುವುದಿಲ್ಲ. ಯಾರಿಗೆ ಹೊತ್ತು ಕೊಡುತ್ತೇವೋ ಅವರಿಗೆ ಅದು ಸಿಗುತ್ತದೆ. ಭೂಮಿಯನ್ನು ಯಾರು ಯಾರಿಗೆ ಹಂಚಿದರು ಅಂತ ಕೇಳುವ ಹಾಗೆಯೇ, ಕನಿಕರವನ್ನು ಯಾರು ಯಾರಿಗೆ ಹಂಚಿದರು ಅಂತಲೂ ಕೇಳಬೇಕು.

ಕತೆಯ ಹೊರಗೂ ಇದೇ ಹಂಚಿಕೆ. ದಕ್ಷಿಣ ಕನ್ನಡದಲ್ಲಿ ಶಾಲಾ ಮಾಸ್ತರನೊಬ್ಬ ಮದುವೆಯ ಆಸೆ ತೋರಿಸಿ ಬಡ ಹೆಣ್ಣುಮಕ್ಕಳನ್ನು ಕರೆದೊಯ್ದು ವಿಷ ತಿನ್ನಿಸಿ ಕೊಂದ. ಅವನು ಸಿಕ್ಕಿಬಿದ್ದದ್ದು 2009ರಲ್ಲಿ. ಅವನ ಮೇಲೆ 20 ಹೆಣ್ಣುಮಕ್ಕಳ ಕೊಲೆಯ ಮೊಕದ್ದಮೆ ನಡೆಯಿತು. ಪತ್ರಿಕೆಗಳು ಅವನಿಗೆ ‘ಸೈನೈಡ್’ ಅಂತ ಬಿರುದು ಕಟ್ಟಿದವು. ಆ ಬಿರುದು ಕರ್ನಾಟಕಕ್ಕೆಲ್ಲ ಗೊತ್ತು. ಆ ಇಪ್ಪತ್ತು ಹೆಸರುಗಳಲ್ಲಿ ಒಂದಾದರೂ ನಮ್ಮ ಬಾಯಿಗೆ ಬರುತ್ತದೆಯೆ? ವರದಕ್ಷಿಣೆ ಕೊಡಲಾರದ ಮನೆಯ ಹುಡುಗಿ ಕಾಣೆಯಾದರೆ ‘ಯಾರ ಜೊತೆಗೋ ಓಡಿಹೋದಳು’ ಎಂಬ ಒಂದು ಸಾಲಿನಲ್ಲಿ ಅವಳ ಕತೆ ಮುಗಿಯುತ್ತದೆ. ಇದೇ ಪ್ರಕರಣದಿಂದ ಎಳೆ ತೆಗೆದುಕೊಂಡಿತೆಂದು ಹೇಳಲಾದ ಹಿಂದಿ ಧಾರಾವಾಹಿ ‘ದಹಾಡ್’ 2023ರಲ್ಲಿ ಬಂತು. ಅದು ಕತೆಯನ್ನು ರಾಜಸ್ಥಾನಕ್ಕೆ ಒಯ್ದು, ತನಿಖೆಯನ್ನು ಒಬ್ಬ ದಲಿತ ಮಹಿಳಾ ಸಬ್ ಇನ್ಸ್‌ಪೆಕ್ಟರಳ ಕೈಗೆ ಕೊಟ್ಟಿತು. ಅವಳು ನಡೆದುಹೋದರೆ ಸಾಕು, ಅದೇ ಠಾಣೆಯ ಮೇಲ್ಜಾತಿಯ ಸಿಬ್ಬಂದಿಯೊಬ್ಬ ಊದುಬತ್ತಿ ಹಚ್ಚುತ್ತಾನೆ. ಸಮವಸ್ತ್ರ ಹಾಕಿಕೊಂಡರೂ ಮೈಲಿಗೆ ಬಿಡಲಿಲ್ಲ. ಕಾಣೆಯಾದ ಬಡ ಹುಡುಗಿಯರನ್ನು ಲೆಕ್ಕಕ್ಕೆ ತೆಗೆದುಕೊಂಡವಳು ಇಂಥವಳು ಎಂಬುದರಲ್ಲಿ ಒಂದು ಸತ್ಯವಿದೆ.

ಇನ್ನೊಂದು ಮಗ್ಗುಲು ನೋಡೋಣ. ತಪ್ಪಿಗೆ ಕಾರಣ ಹುಡುಕುವ ಔದಾರ್ಯ ಎಲ್ಲರಿಗೂ ದಕ್ಕಿತೆ? 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಮಾಡಿತು. ಅದರ ಪ್ರಕಾರ ಕೆಲವು ಕುಲಗಳಲ್ಲಿ ಹುಟ್ಟುವುದೇ ಅಪರಾಧ. ಹೆಸರು ದಾಖಲಿಸಬೇಕು, ಠಾಣೆಗೆ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಚೀಟಿ ಬೇಕು. ಹುಬ್ಬಳ್ಳಿಯಲ್ಲೂ ಇಂಥವರನ್ನು ಕೂಡಿಹಾಕಿದ ಸೆಟ್ಲ್‌ಮೆಂಟ್ ಇತ್ತು. ಕೊರವರನ್ನೂ ಘಂಟಿಚೋರರನ್ನೂ ‘ನೀನು ಯಾಕೆ ಕದ್ದೆ?’ ಅಂತ ಯಾರೂ ಕೇಳಲಿಲ್ಲ, ‘ಕದ್ದೆಯಾ?’ ಅಂತಲೂ ಕೇಳಲಿಲ್ಲ. 1952ರಲ್ಲಿ ಆ ಕಾಯಿದೆ ರದ್ದಾಯಿತು. ಅದರ ಜಾಗಕ್ಕೆ ‘ರೂಢಿಗತ ಅಪರಾಧಿ’ ಎಂಬ ಹೊಸ ಹೆಸರಿನ ಕಾಯಿದೆಗಳು ಬಂದವು. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರಿನಲ್ಲಿ! 2022ರ ಸರ್ಕಾರಿ ಲೆಕ್ಕದ ಪ್ರಕಾರ ಈ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು. ವಾಲ್ಟರ್ ವೈಟನ ಮನಸ್ಸು ಅರಿಯಲು ಐದು ಸೀಸನ್ನು ಕೊಟ್ಟ ನಾವು, ಇವರ ಮಾತು ಕೇಳಲು ಒಂದು ವಾಯಿದೆ ಕೊಟ್ಟಿಲ್ಲ.

ಹೊತ್ತನ್ನು ಬೇರೆ ರೀತಿ ಹಂಚಿದ ಧಾರಾವಾಹಿಗಳೂ ಇವೆ. ಬಾಲ್ಟಿಮೋರ್ ನಗರದ ‘ದಿ ವೈರ್’ (2002-2008) ಅಂಥದ್ದು. ಅದನ್ನು ಕಟ್ಟಿದವರು ಅಲ್ಲಿನ ‘ಸನ್’ ಪತ್ರಿಕೆಯಲ್ಲಿ ವರದಿಗಾರನಾಗಿದ್ದ ಡೇವಿಡ್ ಸೈಮನ್, ಮತ್ತು ಪೋಲೀಸ್ ಪತ್ತೇದಾರನಾಗಿದ್ದು ಆಮೇಲೆ ಶಾಲೆಯಲ್ಲಿ ಕಲಿಸಿದ ಎಡ್ ಬರ್ನ್ಸ್. ಅಲ್ಲಿ ಒಬ್ಬ ನಾಯಕ ಅಂತ ಇಲ್ಲ. ಪೋಲೀಸು, ಗಾಂಜಾ-ಹೆರಾಯಿನ್ ಮಾರುವ ಕರಿಯ ಹುಡುಗರು, ಬಂದರಿನ ಕೂಲಿಗಳು, ಮೇಯರು, ಪತ್ರಕರ್ತರು ಎಲ್ಲರಿಗೂ ಪಾಲು. ನಾಲ್ಕನೆಯ ಸೀಸನ್ನು ಪೂರಾ ಶಾಲೆಯದು. ಮೇಷ್ಟರುಗಳು ಅದನ್ನು ನೋಡಬೇಕು. ಡೂಕಿ ಎಂಬ ಹುಡುಗ ಒಗೆಯದ ಬಟ್ಟೆಯಲ್ಲಿ ಶಾಲೆಗೆ ಬರುತ್ತಾನೆ, ಮನೆಯವರು ಅವನ ಬಟ್ಟೆಯನ್ನೂ ಮಾರಿ ಚಟಕ್ಕೆ ಹಾಕುತ್ತಾರೆ. ಮೇಷ್ಟರು ಶುಭ್ರ ಬಟ್ಟೆ ಕೊಡುತ್ತಾನೆ, ಶಾಲೆಯಲ್ಲೇ ಸ್ನಾನಕ್ಕೆ ಅನುಕೂಲ ಮಾಡುತ್ತಾನೆ. ಈ ಮೇಷ್ಟರೂ ಸಾಚಾ ಅಲ್ಲ; ಹಿಂದೆ ಪೋಲೀಸಿನಲ್ಲಿದ್ದಾಗ ಒಬ್ಬ ಹುಡುಗನ ಕಣ್ಣು ಹೋಗುವಂತೆ ಹೊಡೆದವನು. ಅವನ ಒಳ್ಳೆಯತನ ಡೂಕಿಯನ್ನು ಉಳಿಸುವುದಿಲ್ಲ. ಕೊನೆಗೆ ಡೂಕಿಯ ತೋಳಿಗೂ ಸೂಜಿ ಬೀಳುತ್ತದೆ. ಠಾಣೆಯಲ್ಲಿ ಅಪರಾಧದ ಅಂಕಿ ತಿದ್ದುತ್ತಾರೆ, ಶಾಲೆಯಲ್ಲಿ ಪರೀಕ್ಷೆಯ ಅಂಕಿಗಾಗಿ ಪಾಠ ಬಿಡುತ್ತಾರೆ. ಹುಡುಗರು ಎರಡರ ನಡುವೆ ಜಾರಿ ಬೀದಿಗೆ ಬೀಳುತ್ತಾರೆ. ತಪ್ಪಿತಸ್ಥ ಯಾರು ಎಂದು ಬೆರಳು ತೋರಿಸಹೋದರೆ ಇಡೀ ವ್ಯವಸ್ಥೆ ಎದುರಿಗೆ ನಿಲ್ಲುತ್ತದೆ.

ನಮ್ಮಲ್ಲಿ 2020ರ ‘ಪಾತಾಳ್ ಲೋಕ್’ ಇದಕ್ಕೆ ಹತ್ತಿರ ಬಂತು. ದೆಹಲಿಯ ಇನ್ಸ್‌ಪೆಕ್ಟರ್ ಹಾಥೀರಾಮ್ ಚೌಧರಿ ಆರೋಪಿಗಳನ್ನು ಬಡಿಯುವವನೇ. ಆದರೆ ತನಿಖೆ ಮಾಡುತ್ತಾ ಮಾಡುತ್ತಾ ಸಿಕ್ಕಿಬಿದ್ದ ನಾಲ್ವರೂ ಎಲ್ಲಿಂದ ಬಂದರು ಎಂಬುದು ಬಯಲಾಗುತ್ತದೆ. ಪಂಜಾಬಿನ ಕೆಳಜಾತಿಯ ಹುಡುಗ ತೋಪೆ ಸಿಂಗ್ ಅವಮಾನ ತಾಳದೆ ಮೇಲ್ಜಾತಿಯವರ ಮೇಲೆ ಚಾಕು ಎತ್ತುತ್ತಾನೆ. ಅದರ ಸೇಡನ್ನು ಅವರು ಅವನ ತಾಯಿಯ ಮೈಮೇಲೆ ತೀರಿಸಿಕೊಳ್ಳುತ್ತಾರೆ. ಕೆಳಗಿನವನ ತಪ್ಪಿಗೂ ಒಂದು ಕತೆ ಸಿಕ್ಕಿತು, ಒಳ್ಳೆಯದು. ಆದರೂ ಒಂದು ಮಾತು ಕೇಳಲೇಬೇಕು: ಆ ತಾಯಿಯ ನೋವು ಮಗನ ಕತೆಯ ಒಲೆಗೆ ಸೌದೆಯಾಯಿತೆ? ಅವಳಿಗೆ ಅವಳದೇ ಕಂತು ಯಾಕಿಲ್ಲ?

ಕೆಲವು ಗೆಳೆಯರು ಹೇಳುತ್ತಾರೆ: ‘ಕಾರಣ ಗೊತ್ತಾದರೆ ಕ್ಷಮೆ ತಾನಾಗೇ ಬರುತ್ತದೆ, ಯಾರೂ ಪೂರ್ತಿ ಕೆಟ್ಟವರಲ್ಲ.’ ಈ ಮಾತು ಅರ್ಧ ನಿಜ, ಆದ್ದರಿಂದಲೇ ಅಪಾಯದ್ದು. ಸೊಪ್ರಾನೊನ ಮನೋವೈದ್ಯೆ ಡಾ. ಮೆಲ್ಫಿ ವರ್ಷಗಟ್ಟಲೆ ಅವನ ಮಾತು ಕೇಳಿದಳು. ಇಂಥವರಿಗೆ ಮಾತಿನ ಚಿಕಿತ್ಸೆ ಮನಸ್ಸು ತಿದ್ದುವುದಿಲ್ಲ, ಕಸುಬನ್ನೇ ಚೂಪು ಮಾಡುತ್ತದೆ ಎಂದು ಕಡೆಗೆ ಓದಿ ತಿಳಿದು ಅವನಿಗೆ ಬಾಗಿಲು ಮುಚ್ಚಿದಳು. ನೋಡುತ್ತಾ ಕೂತ ನಮಗೂ ಅದು ತಟ್ಟುವ ಬಾಗಿಲು. ಕಾರಣ ಬೇರೆ, ನೆಪ ಬೇರೆ. ಕಾರಣ ಹೇಳುವವನು ನೊಂದವರ ಮುಂದೆ ನಿಂತು ಹೇಳುತ್ತಾನೆ. ನೆಪ ಹೇಳುವವನಿಗೆ ನೊಂದವರು ಎದುರಿಗೆ ಇರಬಾರದು.

ಈ ಅಳತೆಗೋಲು ಮೇಲಿನವರಿಗೆ ಮಾತ್ರ ಇರುವಂಥದ್ದಲ್ಲ. ‘ಸಾವಿರಾರು ವರ್ಷ ಅವರು ತಿಂದಿದ್ದಾರೆ, ನಮ್ಮವನು ನಾಕು ಕಾಸು ತಿಂದರೆ ಏನಾಯಿತು’ ಎಂಬ ಮಾತು ನಮ್ಮ ಕೇರಿಯಲ್ಲೂ ಕೇಳಿಬರುತ್ತದೆ. ಹಾಸ್ಟೆಲಿನ ಅಕ್ಕಿ ಕದ್ದ ವಾರ್ಡನ್ನು ನಮ್ಮ ಜಾತಿಯವನೇ ಇರಬಹುದು. ಹಸಿದು ಮಲಗಿದ ಹುಡುಗ ಯಾರ ಜಾತಿಯವನು? ವಾರ್ಡನ್ನನ ಬಾಲ್ಯದ ಬಡತನ ನಿಜ. ಆ ಬಡತನದ ಕತೆಯನ್ನು ಅವನು ಆ ಹುಡುಗನ ಖಾಲಿ ತಟ್ಟೆಯ ಮುಂದೆ ಕೂತು ಹೇಳಲಿ.

ಮಜ್ಝಿಮ ನಿಕಾಯದಲ್ಲಿ ಬರುವ ಅಂಗುಲಿಮಾಲನ ಕತೆ ನಮಗೆಲ್ಲ ಗೊತ್ತು. ಅದರ ಅರ್ಧವೇ ಗೊತ್ತು. ಬೆರಳುಗಳ ಮಾಲೆ ಹಾಕಿಕೊಂಡಿದ್ದ ಕೊಲೆಗಾರ ಬುದ್ಧನ ಮಾತಿಗೆ ಬದಲಾದ, ಭಿಕ್ಷುವಾದ. ಅಲ್ಲಿಗೆ ನಾವು ಪುಸ್ತಕ ಮುಚ್ಚುತ್ತೇವೆ. ಕತೆ ಮುಂದಿದೆ. ಅವನು ಭಿಕ್ಷೆಗೆ ಹೋದಾಗ ಊರಿನಲ್ಲಿ ಕಲ್ಲು ಬಿದ್ದವು, ದೊಣ್ಣೆ ಬಿದ್ದವು. ತಲೆ ಒಡೆದು, ಪಾತ್ರೆ ಚೂರಾಗಿ, ಚೀವರ ಹರಿದು ಬಂದ. ಬುದ್ಧ ಊರಿನವರನ್ನು ಬಯ್ಯಲಿಲ್ಲ. ‘ಅವನು ಬದಲಾಗಿದ್ದಾನೆ, ನೀವು ಮರೆತುಬಿಡಿ’ ಅನ್ನಲಿಲ್ಲ. ಸಹಿಸಿಕೋ ಅಂತ ಅವನಿಗೇ ಹೇಳಿದ. ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆಯೂ ಇದೆ, ಸತ್ತವರ ಮನೆಯವರಿಗೆ ಲೆಕ್ಕ ಕೇಳುವ ಹಕ್ಕೂ ಇದೆ. ಒಂದನ್ನು ಎತ್ತಿಹಿಡಿಯಲು ಇನ್ನೊಂದನ್ನು ತುಳಿದಿಲ್ಲ.

ಆದ್ದರಿಂದ ಮೇಷ್ಟರುಗಳೆ, ಹುಡುಗರ ಕೈಯಿಂದ ಮೊಬೈಲು ಕಿತ್ತುಕೊಳ್ಳುವುದು ಬೇಡ. ನೋಡಿದ ಕತೆಯನ್ನು ಅವರಿಂದ ಇನ್ನೊಂದು ಬಾಗಿಲಿನಿಂದ ಹೇಳಿಸಿ. ಡ್ರೂ ಶಾರ್ಪನ ಮನೆಯಲ್ಲಿ ಆ ರಾತ್ರಿ ಯಾರು ಯಾರು ಕಾದು ಕೂತಿದ್ದರು, ಬರೆಯಲಿ. ತೋಪೆ ಸಿಂಗನ ತಾಯಿಗೆ ಒಂದು ಕಂತು ಬರೆಯಲಿ. ಹಾಗೆಯೇ ನಾಳೆ ನಮ್ಮ ಊರಿನ ಯಾವನೋ ಹುಡುಗನನ್ನು ‘ಇವರ ಜಾತಿಯೇ ಇಷ್ಟು’ ಅಂತ ಠಾಣೆಗೆ ಎಳೆದುಕೊಂಡು ಹೋದಾಗ, ಅದೇ ಹುಡುಗರು ಎದ್ದು ಠಾಣೆಯವರೆಗೂ ನಡೆದು ಹೋಗಲಿ. ಅವನು ಏನು ಮಾಡಿದ, ಮಾಡಿದ್ದರೆ ಯಾಕೆ ಮಾಡಿದ, ಮಾಡದಿದ್ದರೆ ಯಾಕೆ ಹಿಡಿದಿರಿ ಎಂದು ಕೇಳಲಿ, ಉತ್ತರ ಬರುವತನಕ ಅಲ್ಲೇ ಕೂತಿರಲಿ.